ಎಂಟನೆಯ ಕಂಬ ನಡದೈತಿ

ನಮ್ಮ ಊರಿಗೆ ಪ್ರತಿ ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಕಸಬರಿಗಿ ಬರುತ್ತದೆ. ಕಸಬರಿಗಿ ಅಂದರೆ ಗಾಳಿ. ಮೇಲೂರಿನ ಗುಡ್ಡದ ನೆತ್ತಿಯಿಂದ ಇಳಿದು, ಒಂದೊಂದೇ ಬಾಗಿಲಿಗೆ ಬಂದು, "ಮುಗೀತೇನು?" ಎಂದು ಕೇಳಿ, ಕೆಳಊರಿನ ಕೊನೆಯ ಓಣಿ ದಾಟಿ ಹೊಳೆಯ ಕಡೆ ಹೋಗುತ್ತದೆ. ಅರ್ಧಕ್ಕೆ ನಿಂತ ಕೆಲಸ ಯಾವುದೇ ಇರಲಿ, ಅದನ್ನು ಮಾಡುತ್ತಿರುವವರು ಬಾಯಿ ಬಿಟ್ಟು "ನಡದೈತಿ" ಅನ್ನಬೇಕು. ಹಾಗೆ ಅಂದರೆ ಕೆಲಸ ಉಳಿಯಿತು. ಅನ್ನದಿದ್ದರೆ ಆ ಕೆಲಸ ಎಲ್ಲಿಂದ ಶುರುವಾಗಿತ್ತೋ ಅಲ್ಲಿಗೇ ವಾಪಸು. ಅರ್ಧ ಹೆಣೆದ ಸ್ವೆಟರ್ ಮತ್ತೆ ಉಂಡೆಯಾಗುತ್ತದೆ. ಅರ್ಧ ಹೆಚ್ಚಿದ ಉಳ್ಳಾಗಡ್ಡಿ ಸಿಪ್ಪೆ ಹೊದ್ದು ಬುಟ್ಟಿಯಲ್ಲಿ ಕೂತಿರುತ್ತದೆ. ಅರ್ಧ ಕಟ್ಟಿದ ಗೋಡೆಯ ಇಟ್ಟಿಗೆಗಳು ಭಟ್ಟಿಯ ಅಂಗಳಕ್ಕೆ ಹೋಗಿ ಸಾಲಾಗಿ ನಿಲ್ಲುತ್ತವೆ.

ನಮಗೆ ಇದೇನು ದೊಡ್ಡ ವಿಷಯವಲ್ಲ. ನಮ್ಮ ದರ್ಜಿಗಳು ಗುರುವಾರ ಹೊಸ ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ಶಾಲೆಯಲ್ಲಿ ಗುರುವಾರ ಹೊಸ ಪಾಠ ತೆಗೆಯುವುದಿಲ್ಲ. ಪಕ್ಕದ ಮನೆಯ ಗೌರಾಬಾಯಿ ಶುಕ್ರವಾರ ಹೊಸ್ತಿಲ ಮೇಲೆ ನಿಂತು, "ಕೌದಿ ನಡದೈತಿ, ಹಪ್ಪಳ ನಡದೈತಿ, ನಿಂಬಿಕಾಯಿ ಉಪ್ಪಿನಕಾಯಿ ನಡದೈತಿ" ಎಂದು ರಾಗವಾಗಿ ಹೇಳುತ್ತಾಳೆ. ಗಂಡನ ಜೊತೆಗಿನ ಜಗಳದ ಹೆಸರನ್ನು ಮಾತ್ರ ಬೇಕೆಂದೇ ಬಿಡುತ್ತಾಳೆ. ಶನಿವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಏನೂ ಆಗಿಲ್ಲವೆಂಬಂತೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿರುತ್ತಾರೆ. ಬೇರೆ ಊರುಗಳಲ್ಲಿ ನಿಂತುಹೋದ ಕೆಲಸಗಳು, ಮುರಿದ ಮಂಚಗಳು, ಪಾಳು ಗೋಡೆಗಳು ರಾಶಿ ಬಿದ್ದಿರುತ್ತವಂತೆ. ನಮ್ಮಲ್ಲಿ ಅಂಥದ್ದು ನೋಡಲಿಕ್ಕೂ ಸಿಗುವುದಿಲ್ಲ. ಹಾಗಾಗಿ ಕಸಬರಿಗಿಯನ್ನು ಬೈದುಕೊಳ್ಳುವವರು ಉಂಟು, ಅದು ಬರುವುದೇ ಬೇಡ ಅನ್ನುವವರು ಯಾರೂ ಇಲ್ಲ.

ಒಂದೇ ಕಟ್ಟುನಿಟ್ಟು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಓಗೊಡುವಂತಿಲ್ಲ. ಓಗೊಟ್ಟರೂ ಗಾಳಿ ಕೇಳಿಸಿಕೊಳ್ಳುವುದಿಲ್ಲ. ಅದಕ್ಕೇ ನಮ್ಮ ಊರಿನ ಬಸುರಿಯರು ಶುಕ್ರವಾರ ಮಧ್ಯಾಹ್ನ ಮಲಗುವುದಿಲ್ಲ. ಮನೆಯವರು, ನೆರೆಯವರು ಸುತ್ತ ಕೂತು ಹರಟೆ ಹೊಡೆದು ಎಚ್ಚರ ಇಡುತ್ತಾರೆ. ಮೂರು ಗಂಟೆಗೆ ಎಲ್ಲರೂ ಬಾಯಿ ಮುಚ್ಚುತ್ತಾರೆ, ಆಕೆ ಒಬ್ಬಳೇ "ನಡದೈತಿ" ಅನ್ನುತ್ತಾಳೆ, ಮತ್ತೆ ಹರಟೆ ಮುಂದುವರಿಯುತ್ತದೆ. ಒಂದು ಶುಕ್ರವಾರ ಅನ್ನಲಾಗದೆ ಹೋದವರೂ ಊರಿನಲ್ಲಿದ್ದಾರೆ. ಅವರ ಮನೆಯ ಮುಂದೆ ನಾವು ದನಿ ತಗ್ಗಿಸಿ ನಡೆಯುತ್ತೇವೆ.

ನನ್ನ ಹೆಸರು ಅಂಬವ್ವ. ಊರಿಗೆಲ್ಲ ಅಂಬಕ್ಕ. ನನ್ನ ಎಡಗಾಲು ಎಳವೆಯಿಂದಲೇ ಸೊರಗಿದ್ದು, ಕೋಲಿಲ್ಲದೆ ನಡೆಯಲಾರೆ. ಆದರೆ ನನ್ನ ಬಾಯಿಗೆ ಕೋಲು ಬೇಕಿಲ್ಲ ಎಂದು ಪುರಸಭೆಯ ಅಧ್ಯಕ್ಷರು, ಕಳಸಣ್ಣವರ ಅಂತ ಅವರ ಅಡ್ಡಹೆಸರು, ಹೋದಲ್ಲೆಲ್ಲ ಹೇಳಿಕೊಂಡು ಬರುತ್ತಾರೆ. ತೊಟ್ಟಿಲ ಆಫೀಸಿನ ಕಂಪ್ಯೂಟರ್ ನನ್ನ ಕೈಯಲ್ಲಿದೆ. ತೊಟ್ಟಿಲು ಅಂದರೆ ಕೆಳಊರಿನಿಂದ ಮೇಲೂರಿಗೆ ಉಕ್ಕಿನ ಹಗ್ಗದ ಮೇಲೆ ಹೋಗುವ ರೋಪ್‌ವೇ. ಗುಡ್ಡದ ಮೈಗುಂಟ ಹನ್ನೊಂದು ಕಂಬಗಳು, ನಡುವೆ ತೂಗಾಡುತ್ತ ಹೋಗುವ ಡಬ್ಬಿಗಳು. ಆ ಡಬ್ಬಿ ಎಲ್ಲಿ ನಿಧಾನಿಸಬೇಕು, ಗಾಳಿ ಜೋರಾದರೆ ಎಲ್ಲಿ ನಿಲ್ಲಬೇಕು ಎಂದು ಹೇಳುವ ಪ್ರೋಗ್ರಾಂ ನನ್ನದು. ಹಗ್ಗ, ಗಾಲಿ, ಗ್ರೀಸು ನಮ್ಮ ಮೆಕ್ಯಾನಿಕ್ ಮೋದೀನಸಾಬರದು. ನಾವಿಬ್ಬರೂ ಎಷ್ಟೋ ವರ್ಷದಿಂದ ಒಂದೇ ಟೇಬಲ್ಲಿನಲ್ಲಿ ಬುತ್ತಿ ಬಿಚ್ಚಿದವರು.

ಈ ಮಳೆಗಾಲದ ಮೊದಲ ಸಿಡಿಲು ತೊಟ್ಟಿಲ ಮೋಟರಿಗೇ ಬಡಿಯಿತು. ಹೊಸ ಮೋಟರ್ ಬಂತು, ಹಳೆಯ ಪ್ರೋಗ್ರಾಮಿಗೆ ಅದರ ಭಾಷೆ ತಿಳಿಯಲಿಲ್ಲ. ನಾನು ಹೊಸದನ್ನು ಬರೆಯಲು ಕೂತೆ. ಅದೇ ಮಳೆಗೆ ಮೇಲೂರಿನ ಮೆಟ್ಟಿಲುಗಳೂ ನಡುವೆ ಜರಿದುಬಿದ್ದವು. ಹಗ್ಗ ಹಿಡಿದು ಜೋತಾಡಿಕೊಂಡು ಹತ್ತುವ ಗಟ್ಟಿ ಹುಡುಗರನ್ನು ಬಿಟ್ಟರೆ ಇನ್ಯಾರಿಗೂ ದಾರಿಯಿಲ್ಲದಂತಾಯಿತು. ಗುಡ್ಡದ ಮೇಲೆ ನನ್ನ ಒಬ್ಬಳೇ ಮಗಳು ಮಂದಾ, ಆರು ತಿಂಗಳು ದಾಟಿದ ಬಸುರಿ.

ಅವಳನ್ನು ಮೇಲೂರಿಗೆ ಕೊಟ್ಟಿದ್ದೆ. ಚೊಚ್ಚಲು, ಏಳು ತಿಂಗಳಿಗೆ ತವರಿಗೆ ಕರೆದುಕೊಂಡು ಬರುವುದಿತ್ತು. ಅಷ್ಟರಲ್ಲಿ ಹೀಗಾಯಿತು. ಆಮೇಲೆ ಒಂದು ದಿನ ಅಲ್ಲಿಯ ನರ್ಸಬಾಯಿ ಹೊಟ್ಟೆ ಮುಟ್ಟಿ ನೋಡಿ ಕೆಳಗಿನ ಆಸ್ಪತ್ರೆಯ ಸುಲೋಚನಾ ಡಾಕ್ಟರಿಗೆ ಫೋನು ಹಚ್ಚಿದರು. ಡಾಕ್ಟರು ನನ್ನನ್ನು ಕರೆಸಿ ಕೂರಿಸಿ ಹೇಳಿದರು, "ಅಂಬಕ್ಕಾ, ಕೂಸು ಅಡ್ಡ ಮಲಗೇತಿ. ಆಪರೇಷನ್ ಇಲ್ಲದ ಆಗೂದಿಲ್ಲ, ಆಪರೇಷನ್ ಮ್ಯಾಲೆ ಮಾಡಾಕ ಬರೂದಿಲ್ಲ. ದಿನಾ ತುಂಬೂದರಾಗ ಆಕೀನ್ನ ಕೆಳಗ ತರಬೇಕು. ಇಲ್ಲಂದ್ರ ಇಬ್ಬರೂ ಉಳಿಯೂದು ಕಷ್ಟ."

ನಾನು ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಗುಡ್ಡ ನೋಡಿದೆ. ಅವಳ ಮನೆಯ ಬಿಳಿ ಗೋಡೆ ಕಾಣುತ್ತಿತ್ತು. ಕೈ ಬೀಸಿದರೆ ಕಾಣುವಷ್ಟು ಹತ್ತಿರ. ಅವತ್ತು ನಾನು ಅತ್ತಷ್ಟು ಗಂಡ ಸತ್ತಾಗಲೂ ಅತ್ತಿರಲಿಲ್ಲ. ಅತ್ತು ಮುಗಿಸಿ ಆಫೀಸಿಗೆ ಬಂದೆ.

ಬರೆಯುವ ಕೆಲಸ ಬೇಗ ಮುಗಿಯಿತು. ಆ ಶುಕ್ರವಾರಗಳಲ್ಲಿ ನಾನೇ ಬಾಗಿಲಿಗೆ ನಿಂತು "ಪ್ರೋಗ್ರಾಂ ನಡದೈತಿ" ಎಂದೆ, ಬರೆದದ್ದು ಅಷ್ಟೂ ಉಳಿಯಿತು. ತೊಂದರೆ ಶುರುವಾದದ್ದು ಬಿಲ್ಡಿನಲ್ಲಿ. ಬರೆದ ಸಾಲುಗಳನ್ನೆಲ್ಲ ಕಂಪ್ಯೂಟರ್ ತಾನೇ ಹೆಣೆದು ಓಡುವ ಒಂದು ಪ್ರೋಗ್ರಾಂ ಮಾಡಬೇಕು, ಅದಕ್ಕೆ ಬಿಲ್ಡ್ ಅನ್ನುತ್ತಾರೆ. ಅದು ಕಂಬದಿಂದ ಕಂಬಕ್ಕೆ ಹೋಗಬೇಕು, ಪ್ರತಿ ಕಂಬದ ಯಂತ್ರದ ಜೊತೆ ಮಾತಾಡಿ, ಪರೀಕ್ಷೆ ಮಾಡಿ, ಸರಿಯಿದ್ದರೆ ಮುಂದಿನದಕ್ಕೆ ದಾಟಬೇಕು. ನಮ್ಮದು ಮುದಿ ಕಂಪ್ಯೂಟರ್. ಎಷ್ಟೇ ಓಡಿಸಿದರೂ ವಾರ ದಾಟಿ ಇನ್ನೆರಡು ದಿನ ಹಿಡಿಯುತ್ತದೆ. ನಡುವೆ ನಿಲ್ಲಿಸಿ ಮುಂದುವರಿಸಲು ಬರುವುದಿಲ್ಲ, ಹನ್ನೊಂದು ಕಂಬವೂ ಒಂದೇ ಉಸಿರಿನಲ್ಲಿ ಆಗಬೇಕು. ಶುಕ್ರವಾರ ಸಂಜೆ ಶುರುಮಾಡಿದರೂ ಮುಂದಿನ ಶುಕ್ರವಾರ ಅದು ಏಳನೆಯ ಕಂಬದ ಹತ್ತಿರ ಒದ್ದಾಡುತ್ತಿರುತ್ತದೆ.

ಮೊದಲ ಸಲ ನಾನು ಧೈರ್ಯವಾಗಿಯೇ ಇದ್ದೆ. ಕಸಬರಿಗಿ ಬಂತು, "ಮುಗೀತೇನು?" ಎಂದಿತು, ನಾನು "ಬಿಲ್ಡ್ ನಡದೈತಿ" ಎಂದೆ. ಗಾಳಿ ಒಳಗೆ ಒಂದು ಸುತ್ತು ಹಾಕಿ ಹೋಯಿತು. ತಿರುಗಿ ನೋಡಿದರೆ ಪರದೆಯ ಮೇಲೆ ಮೊದಲ ಕಂಬ ಕೂಡ ಇಲ್ಲ, ಕಳೆದ ಶುಕ್ರವಾರದ ಸಂಜೆಯ ಹಾಗೆ ಬೋಳು.

"ನೀವು ಹೇಳಿದ್ರಲ್ಲ?" ಎಂದರು ಮೋದೀನಸಾಬರು.

"ಹೇಳಿದೆ. ಆದರ ಕೆಲಸ ನಂದಲ್ಲಲ್ರಿ ಸಾಬರ. ನಂದು ಬರೆಯೋದು, ಅದು ಮುಗದೈತಿ. ಹೆಣಿಯೋದು ಈ ಮುದುಕಂದು," ಎಂದು ಕಂಪ್ಯೂಟರಿನ ತಲೆಯ ಮೇಲೆ ಒಂದು ಬಡಿದೆ.

"ಹಂಗಾದ್ರ ಮುದುಕನಿಂದನ ಹೇಳಸ್ರಿ. ಸ್ಪೀಕರ್ ಐತಿ, ಗಡಿಯಾರ ಐತಿ. ಮೂರು ಗಂಟೆಗೆ ಬಾಯಿ ತಗದು 'ನಡದೈತಿ' ಅಂತ ಒದರ್ಲಿ."

ನನಗೂ ಅದೇ ಸರಿ ಅನಿಸಿತು. ಮೋದೀನಸಾಬರ ದನಿಯನ್ನೇ ಕಂಪ್ಯೂಟರಿಗೆ ತುಂಬಿದೆವು. ಅವರು ಗಂಟಲು ಸರಿಮಾಡಿಕೊಂಡು, ನಾಟಕದ ರಾಜನ ಗತ್ತಿನಲ್ಲಿ "ಕೆಲಸ ನಡದೈತಿ" ಎಂದರು. ಮುಂದಿನ ಶುಕ್ರವಾರ ಕಸಬರಿಗಿ ಕೇಳಿತು, ಸ್ಪೀಕರ್ ಗರ್ಜಿಸಿತು, ಗಾಳಿ ಹೊಸ್ತಿಲು ದಾಟದೆ ಹಾಗೇ ತಿರುಗಿಹೋಯಿತು. ಖುಷಿಗೆ ನಮ್ಮಿಬ್ಬರ ಕಾಲು ನೆಲಕ್ಕೆ ತಾಗಲಿಲ್ಲ ಅಂದರೆ ನಂಬಿ. ಸಾಬರು ಓಣಿಗೆಲ್ಲ ಪೇಢೆ ಹಂಚಿದರು. ನಾನು ಮಂದಾಗೆ ಫೋನು ಮಾಡಿ, ಸೀರೆ ಮಡಚಿಟ್ಟುಕೊ, ಎರಡು ದಿನ ಎಂದೆ.

ಎರಡು ದಿನ ಕಳೆದರೂ ಬಿಲ್ಡ್ ಅಲ್ಲಾಡಲಿಲ್ಲ. ನಾಲ್ಕನೆಯ ಕಂಬ ಅಂದರೆ ನಾಲ್ಕನೆಯ ಕಂಬವೇ. ಕೆದಕಿ ನೋಡಿದರೆ ಬುಧವಾರ ಕರೆಂಟು ಹೋಗಿ ಬಂದಾಗಲೇ ಅದು ಸತ್ತಿತ್ತು. ಸತ್ತ ಬಿಲ್ಡಿನ ಮುಂದೆ ಕೂತು ಸ್ಪೀಕರ್ ನಡದೈತಿ, ನಡದೈತಿ ಎಂದಿತ್ತು. ಅದಕ್ಕೆ ಗೊತ್ತಿದ್ದದ್ದು ಮೂರು ಗಂಟೆ ಆಯಿತು ಎಂಬುದಷ್ಟೇ.

ಹೊಸದಾಗಿ ಶುರುಮಾಡೋಣವೆಂದರೆ ಕಂಪ್ಯೂಟರ್ ಒಪ್ಪಲಿಲ್ಲ. ಒಂದು ನಡೆಯುತ್ತಿದೆ, ಎರಡನೆಯದಕ್ಕೆ ಜಾಗವಿಲ್ಲ ಎಂದು ಒಂದೇ ಹಟ. ಸತ್ತದ್ದನ್ನು ಅಳಿಸಿದೆ. ನಡದೈತಿ ಎಂದು ಹೇಳಿ ಉಳಿಸಿಕೊಂಡಿದ್ದೆವಲ್ಲ, ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಅಲ್ಲೇ ಇತ್ತು. ಅದರ ಮೇಲೆ ಸಾಬರು ಹೆಸರು ಹಿಡಿದು "ಬಿಲ್ಡ್" ಅನ್ನದೆ "ಕೆಲಸ" ಎಂದುಬಿಟ್ಟಿದ್ದರು. ಗಾಳಿ ಒಳಗೇ ಬಾರದೆ ಹೋದ್ದರಿಂದ ಆಫೀಸಿನಲ್ಲಿ ಅರ್ಧಕ್ಕೆ ಬಿಟ್ಟದ್ದೆಲ್ಲ ಉಳಿದುಕೊಂಡಿತು. ಅರ್ಧ ಕುಡಿದ ಚಹಾದ ಮೇಲೆ ಬೂಷ್ಟು ಬೆಳೆಯಿತು. ತೊಳೆದಿಟ್ಟರೆ ಲೋಟ ಮತ್ತೆ ಅರ್ಧ ತುಂಬಿರುತ್ತಿತ್ತು. ಸಾಬರು ತಿಂದು ಬಿಟ್ಟ ಶೇಂಗಾ ಸಿಪ್ಪೆ ಎಷ್ಟು ಗುಡಿಸಿದರೂ ಕಾಲಡಿ ಬಂದು ಬೀಳುತ್ತಿತ್ತು. ಅರ್ಧ ಬಾಳೆಹಣ್ಣು ಕುರ್ಚಿಯ ಮೇಲೆ ಕೊಳೆತು ಕೂತಿತು. ಹುಟ್ಟಿದಂದಿನಿಂದ ನಾನು ಅಂಥ ಕೊಳಕು ನೋಡಿರಲಿಲ್ಲ. ಊರಿನವರು ಕಿಟಕಿಯಿಂದ ಇಣುಕಿ, ಮೂಗು ಮುಚ್ಚಿಕೊಂಡು, ಕಸಬರಿಗಿಗೆ ಸುಳ್ಳು ಹೇಳಿದವರ ಆಫೀಸು ಇದೇ ಎಂದು ಮಕ್ಕಳಿಗೆ ತೋರಿಸಿಕೊಂಡು ಹೋದರು.

ಕಳಸಣ್ಣವರ ಬಂದವರು ನೋಡದೆ ಆ ಕುರ್ಚಿಯ ಮೇಲೆಯೇ ಕೂತರು. ಎದ್ದು ಹಿಂದೆ ಮುಟ್ಟಿಕೊಂಡು ನೋಡಿ ಮುಖ ಕೆಂಪು ಮಾಡಿದರು.

"ಸಾಕು ಮಾಡ್ರಿ ಅಂಬಕ್ಕಾರ. ಮಳಿ ಮುಗದ ಮ್ಯಾಲೆ ಹೊರಗಿನವರನ್ನ ಕರಸೋಣು. ಒಂದ್ ಕೆಲಸ ಮಾಡೋಣು, ಅಲ್ಲೀತನ ಆಫೀಸಿಗೆ ಬೀಗಾ ಹಾಕೋಣು."

"ನನ್ನ ಮಗಳ ಹೊಟ್ಟಿ ಮಳಿ ಮುಗಿಯೂತನ ಕಾಯೂದಿಲ್ರೀ ಅಧ್ಯಕ್ಷರ."

"ಅದು ನನಗೂ ಗೊತ್ತೈತಿ. ಆದರ ನೀವು ಹಿಂಗ ಮಾಡಿದ್ರ ನಾಳೆ ಇಡೀ ಊರಿಗೆ ಇದನ್ನ ಅಂಟಸ್ತೀರಿ."

"ಹಂಗಾದ್ರ ಕಿಟಕಿ ಬಾಗಲಾ ಬಂದ್ ಮಾಡಿ, ಸಂದಿಗೆಲ್ಲಾ ಬಟ್ಟಿ ತುರುಕಿ ಕಸಬರಿಗಿನ ಒಳಗ ಬಿಡೂದ ಬ್ಯಾಡ," ಎಂದು ಸಾಬರು ನಡುವೆ ಬಾಯಿ ಹಾಕಿದರು.

"ಸುಮ್ಮನಿರ್ರಿ ಸಾಬರ," ಎಂದೆ. "ಅದು ಬರಲಿಲ್ಲಂದ್ರ ಏನಾಗತೈತಿ ಅಂತ ಅಧ್ಯಕ್ಷರ ಧೋತರದ ಮ್ಯಾಲೆ ಕಾಣಸ್ತೈತಿ." ಅಧ್ಯಕ್ಷರು ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯದೆ ನಿಂತರು. ಕೊನೆಗೆ, ಇನ್ನೊಂದೇ ಸಲ, ಅದೂ ಕಸಬರಿಗಿ ಈ ಹೊಲಸನ್ನೆಲ್ಲ ಒಯ್ದ ಮೇಲೆ ಎಂದು ಹೇಳಿ, ಹಿಂದೆ ಟವೆಲ್ ಹಿಡಿದುಕೊಂಡು ಹೋದರು.

ಆ ಶುಕ್ರವಾರ ನನಗೆ ಕೈಯಲ್ಲಿ ಕೆಲಸವಿರಲಿಲ್ಲ. ಸ್ಪೀಕರನ್ನು ಕಿತ್ತಿಟ್ಟಿದ್ದೆ. ಮೂರಕ್ಕೆ ಸ್ವಲ್ಪ ಮೊದಲು ಮಂದಾಗೆ ಫೋನು ಹಚ್ಚಿ ಹಾಗೇ ಹಿಡಿದುಕೊಂಡೆ. ಕಸಬರಿಗಿ ಮೊದಲು ಮೇಲೂರಿಗೆ ಬರುತ್ತದಲ್ಲ, ಅವಳು ಓಗೊಡುವುದನ್ನು ಕೇಳಿದರೆ ನನಗಷ್ಟು ಸಮಾಧಾನ. ಹಿಂದೆ ಅವಳ ಅತ್ತೆ, ಗಂಡ ಈರಣ್ಣ ಮಾತಾಡುತ್ತಿದ್ದದ್ದು ನಿಂತಿತು. ಬಾಗಿಲು ಗಡಗಡ ಅಂದಿತು. "ಮುಗೀತೇನು?" ಎಂಬುದು ಫೋನಿನಲ್ಲಿ ನನಗೂ ಕೇಳಿಸಿತು.

ಮಂದಾ ಮಾತಾಡಲಿಲ್ಲ.

ಮಲಗಿಬಿಟ್ಟಳೇ, ಎಚ್ಚರ ತಪ್ಪಿತೇ, ಏನೂ ತಿಳಿಯಲಿಲ್ಲ. ಒದರೋಣವೆಂದರೆ ನಾನು ಒದರಿದರೆ ಅದು ಲೆಕ್ಕಕ್ಕಿಲ್ಲ. ಫೋನನ್ನು ಕಿವಿಗೆ ಒತ್ತಿ ಹಿಡಿದು ಒದ್ದಾಡುತ್ತಿದ್ದೆ. ಆಮೇಲೆ, ಎಷ್ಟೋ ಹೊತ್ತಿನ ಮೇಲೆ, ಅವಳು ಆರಾಮಾಗಿ "ನಡದೈತಿ" ಎಂದಳು. ಬಾಗಿಲ ಸದ್ದು ನಿಂತಿತು.

"ಏನಾಗಿತ್ತು ನಿನಗ? ನಾಲಿಗಿ ಬಿದ್ದಿತ್ತೇನು?" ಎಂದು ಒಂದೇ ಸಮ ಬೈದೆ.

"ಯಾಕ ಒದರತಿ ಅವ್ವಾ? ಅದು ಒದೀಲಿ ಅಂತ ಕಾದೆ."

"ಯಾವುದು?"

"ಕೂಸು. ಒದ್ದ ಮ್ಯಾಲೆ ಹೇಳ್ತೀನಿ ನಾ ಯಾವಾಗ್ಲೂ. ಒಳಗ ನಡದೈತೋ ಇಲ್ಲೋ ಗೊತ್ತಿಲ್ಲದ ಹೆಂಗ್ ಹೇಳ್ಲಿ? ಮಾಡೂದು ನಾ ಅಲ್ಲಲ್ಲ, ಅದು."

"ಅಲ್ಲೀತನ ಕಸಬರಿಗಿ ಕಾಯತೈತೇನು?"

"ಕಾಯತೈತಿ. ನೀವೆಲ್ಲಾ ಗಡಬಡಿಸಿ ಹೇಳಿಬಿಡ್ತೀರಿ, ಅದಕ್ಕ ನಿಮಗ ಗೊತ್ತಿಲ್ಲ."

ನಾನು ಫೋನು ಇಟ್ಟು ಕೂತೆ. ಅಷ್ಟರಲ್ಲಿ ಗಾಳಿ ನಮ್ಮ ಆಫೀಸಿನ ಬಾಗಿಲಿಗೂ ಬಂತು. "ಮುಗೀತೇನು?" ಎಂದು ಕೇಳಿತು. ನಾನು ಸುಮ್ಮನಿದ್ದೆ. ಅದು ಹೋಗಲಿಲ್ಲ. ಮತ್ತೊಮ್ಮೆ, ಸ್ವಲ್ಪ ಜೋರಾಗಿ, "ಮುಗೀತೇನು?" ಎಂದಿತು. ಯಾರ ಮನೆಯ ಬಾಗಿಲಲ್ಲೂ ಅದು ಎರಡು ಸಲ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಒಳಗೆ ನುಗ್ಗಿ ಬೂಷ್ಟು, ಸಿಪ್ಪೆ, ಬಾಳೆಹಣ್ಣು, ಸತ್ತ ಬಿಲ್ಡು ಎಲ್ಲವನ್ನೂ ಬಳಿದುಕೊಂಡು ಹೋಯಿತು. ಆಫೀಸು ಥಳಥಳ ಹೊಳೆಯಿತು.

"ಸುಳ್ಳ ಹೇಳಿದ್ವಲ್ಲ, ಇನ್ ನಮ್ಮನ್ನ ನಂಬೂದಿಲ್ಲ," ಎಂದು ಸಾಬರು ಪೆಚ್ಚು ಮುಖ ಮಾಡಿದರು. "ಎರಡೆರಡ ಸಲ ಕೇಳತೈತಿ."

"ಕೇಳ್ಲಿ ಬಿಡ್ರಿ. ಮೂರ ಸಲ ಕೇಳ್ಲಿ," ಎಂದೆ. ನನ್ನ ತಲೆಯಲ್ಲಿ ಅಷ್ಟೊತ್ತಿಗೆ ಎಲ್ಲವೂ ನಿಚ್ಚಳವಾಗಿತ್ತು.

ಅವತ್ತು ಸಂಜೆಯೊಳಗೆ ಪುಟ್ಟದೊಂದು ಪ್ರೋಗ್ರಾಂ ಬರೆದೆ. ಅದನ್ನು ಬಿಲ್ಡಿನ ಹೊರಗಿಡಲಿಲ್ಲ, ಅದರ ಹೊಟ್ಟೆಯೊಳಗೇ ಕಟ್ಟಿದೆ. ಬಿಲ್ಡ್ ಬದುಕಿರುವ ತನಕ ಅದು ಬದುಕಿರಬೇಕು, ಸತ್ತರೆ ಜೊತೆಗೇ ಸಾಯಬೇಕು. ಅದಕ್ಕೆ ಗಡಿಯಾರ ಕೊಡಲಿಲ್ಲ, ಮೈಕು ಕೊಟ್ಟೆ, ಕಿತ್ತಿಟ್ಟ ಸ್ಪೀಕರನ್ನು ಮತ್ತೆ ಜೋಡಿಸಿದೆ. "ಮುಗೀತೇನು?" ಎಂದು ಕೇಳಿಸಿದ ಕೂಡಲೇ ಬಿಲ್ಡ್ ಎಲ್ಲಿದೆ ಎಂದು ಗುರುತು ಹಾಕಿಕೊಳ್ಳಬೇಕು. ಆ ಗುರುತಿನಿಂದ ಬಿಲ್ಡ್ ಒಂದು ಹೆಜ್ಜೆಯಾದರೂ ಮುಂದೆ ಹೋದರೆ ಮಾತ್ರ, ಯಾವ ಕಂಬದಲ್ಲಿದ್ದೇನೆ ಎಂಬುದನ್ನು ಸೇರಿಸಿ "ನಡದೈತಿ" ಅನ್ನಬೇಕು. ಹೋಗದಿದ್ದರೆ ತುಟಿ ಬಿಚ್ಚಬಾರದು. ಸಾಬರು ಈ ಸಲ ಗತ್ತು ಗಿತ್ತು ಬಿಟ್ಟು ಸಾದಾ ದನಿಯಲ್ಲಿ ಹನ್ನೊಂದು ಕಂಬಗಳ ಹೆಸರನ್ನೂ ಹೇಳಿಕೊಟ್ಟರು. ಕರೆಂಟು ಹೋದರೆ ಇರಲಿ ಎಂದು ತಮ್ಮ ಟ್ರ್ಯಾಕ್ಟರಿನ ಬ್ಯಾಟರಿ ಕಿತ್ತು ತಂದು ಕಂಪ್ಯೂಟರಿಗೆ ಜೋಡಿಸಿದರು, ಬಿಲ್ಡ್ ಶುರುಮಾಡಿದೆವು.

ಆ ವಾರ ನಾನು ಊಟ ಮಾಡಿದೆನೋ ಬಿಟ್ಟೆನೋ ನೆನಪಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಕೋಲು ಕುಟ್ಟಿಕೊಂಡು ಆಫೀಸಿನಲ್ಲೇ ತಿರುಗಾಡುತ್ತಿದ್ದೆ. ಒಂದನೆಯ ಕಂಬ ಮುಗಿಯಿತು, ಎರಡನೆಯದು ಮುಗಿಯಿತು. ಐದನೆಯದರ ಹೊತ್ತಿಗೆ ಮತ್ತೆ ಕರೆಂಟು ಹೋಯಿತು, ಟ್ರ್ಯಾಕ್ಟರಿನ ಬ್ಯಾಟರಿ ಬಿಲ್ಡ್ ನಿಲ್ಲದಂತೆ ನೋಡಿಕೊಂಡಿತು. ಮೇಲಿನಿಂದ ಈರಣ್ಣ ಫೋನು ಮಾಡಿ, "ಅತ್ತೀ, ಆಕಿ ಕಾಲು ಬಾತಾವು, ಕೂಡಾಕ ಏಳಾಕ ಆಗವಲ್ದು" ಎಂದ. ಅವನ ದನಿ ಅಳುತ್ತಿತ್ತು. ನನಗೆ ಅವನಿಗೆ ಧೈರ್ಯ ಹೇಳುವ ಧೈರ್ಯವಿರಲಿಲ್ಲ.

ಶುಕ್ರವಾರ ಬಂತು. ಓಣಿಯ ಜನವೆಲ್ಲ ಆಫೀಸಿನ ಎದುರಿನ ಕಟ್ಟೆಗೆ ಬಂದು ಕೂತರು. ಗೌರಾಬಾಯಿ ತಾನು ಹೊಲಿಯುತ್ತಿದ್ದ ಕೌದಿಯನ್ನು ಹೆಗಲ ಮೇಲೆ ಹಾಕಿಕೊಂಡೇ ಬಂದಿದ್ದಳು, ಅದಕ್ಕೂ ಓಗೊಡಬೇಕಲ್ಲ. ಕಳಸಣ್ಣವರ ಕೂರಲಿಲ್ಲ, ನಿಂತೇ ಇದ್ದರು. ಮೂರು ಗಂಟೆಗೆ ಮೇಲೂರಿನ ಮರಗಳು ಬಾಗಿದವು. ಗಾಳಿ ಕಂಬಗಳ ಗುಂಟ ಇಳಿದು ನಮ್ಮ ಬಾಗಿಲಿಗೆ ಬಂದು, "ಮುಗೀತೇನು?" ಎಂದಿತು.

ಸ್ಪೀಕರ್ ಸುಮ್ಮನಿತ್ತು. ಒಂದು ಉಸಿರು, ಎರಡು ಉಸಿರು. ಆಮೇಲೆ ಸಾದಾ ದನಿಯಲ್ಲಿ, "ಏಳನೆಯ ಕಂಬ ನಡದೈತಿ" ಎಂದಿತು. ಕಟ್ಟೆಯ ಮೇಲೆ ಯಾರೋ ಚಪ್ಪಾಳೆ ತಟ್ಟಲು ಹೋದರು, ಗೌರಾಬಾಯಿ ಅವರ ಕೈ ಹಿಡಿದಳು. ಗಾಳಿ ಹೋಗಿರಲಿಲ್ಲ.

"ಮುಗೀತೇನು?"

ಏಳನೆಯದು ಗುಡ್ಡದ ತಿರುವಿನ ಕಂಬ. ಎಲ್ಲಕ್ಕಿಂತ ಹೆಚ್ಚು ಪರೀಕ್ಷೆ ಅಲ್ಲೇ. ಒಂದು ಹೆಜ್ಜೆಯಿಂದ ಇನ್ನೊಂದು ಹೆಜ್ಜೆಗೆ ಎಷ್ಟು ಹೊತ್ತಾದರೂ ಆಗಬಹುದು. ಸ್ಪೀಕರ್ ಮಾತಾಡಲಿಲ್ಲ. ಗಾಳಿ ಹೊಸ್ತಿಲ ಮೇಲೆ ನಿಂತಿತು. ಟೇಬಲ್ಲಿನ ಮೇಲೆ ನಾನು ಅರ್ಧ ಕುಡಿದಿಟ್ಟ ಚಹಾದ ಲೋಟ ಮೆಲ್ಲಗೆ ಜರುಗಿ, ತುಂಬಿಕೊಂಡು, ಕಿಟಲಿಯ ಪಕ್ಕಕ್ಕೆ ಹೋಗಿ ನಿಂತಿತು. ಗೋಡೆಯ ಮೇಲಿನ ಕ್ಯಾಲೆಂಡರ್ ಪಟಪಟ ಅಂದಿತು. ಸಾಬರು ತಡೆಯಲಾರದೆ ಬಾಯಿ ತೆರೆದರು. ಅವರ ದನಿಯೇ ಕಂಪ್ಯೂಟರಿನ ದನಿ, ಅವರು ಕೂಗಿದರೆ ಮತ್ತೆ ಸುಳ್ಳು. ಇಷ್ಟು ವರ್ಷದ ಮರ್ಯಾದೆಯನ್ನು ಬದಿಗಿಟ್ಟು ನಾನು ಅವರ ಬಾಯಿಯನ್ನು ಅಂಗೈಯಿಂದ ಮುಚ್ಚಿ ಹಿಡಿದೆ. ಮಂದಾ ಕಾದಳು, ನಾವೂ ಕಾಯೋಣ ಎಂದುಕೊಂಡು ಕಣ್ಣು ಮುಚ್ಚಿದೆ.

"ಎಂಟನೆಯ ಕಂಬ ನಡದೈತಿ."

ಗಾಳಿ ಒಳಗೆ ಬಂತು. ನನ್ನ ಕೂದಲು ಹಾರಿತು, ಪರದೆಯ ಮೇಲಿನ ಧೂಳು ಹಾರಿತು. ಆಮೇಲೆ ಅದು ಕಿಟಕಿಯಿಂದ ಹೊರಗೆ ಇಳಿದು ಹೊಳೆಯ ಕಡೆಗೆ ನಡೆಯಿತು. ಪರದೆಯ ಮೇಲೆ ಎಂಟು ಕಂಬಗಳೂ ಇದ್ದ ಹಾಗೇ ಇದ್ದವು. ನಾನು ಸಾಬರ ಬಾಯಿ ಬಿಟ್ಟೆ. ಕಟ್ಟೆಯ ಮೇಲಿನವರ ಕೇಕೆ ಮೇಲೂರಿಗೆ ಕೇಳಿಸಿತಂತೆ. ಕಳಸಣ್ಣವರ ಒಳಗೆ ಬಂದು ಆ ಹಳೆಯ ಕುರ್ಚಿಯನ್ನು ಎರಡು ಸಲ ಮುಟ್ಟಿ ನೋಡಿ, ಕೂತು, ಕಣ್ಣು ಒರೆಸಿಕೊಂಡರು.

ಭಾನುವಾರ ಹನ್ನೊಂದನೆಯ ಕಂಬ ಮುಗಿಯಿತು. ಸೋಮವಾರ ಸಾಬರು ಖಾಲಿ ಡಬ್ಬಿಗಳಿಗೆ ಅಕ್ಕಿ ಮೂಟೆ ತುಂಬಿ ಮೇಲೆ ಕೆಳಗೆ ಓಡಿಸಿ ನೋಡಿದರು. ಮೊದಲ ಸವಾರಿಗೆ ಅಧ್ಯಕ್ಷರು ಹಾರ ಹಾಕಿಕೊಂಡು ಬಂದಿದ್ದರು. "ಮೊದಲ ಡಬ್ಬಿ ನನ್ನ ಮಗಳದು, ನೀವು ಎರಡನೆಯದಕ್ಕ ಬರ್ರಿ" ಎಂದೆ. ಅವರು ತಮ್ಮ ಹಾರ ತೆಗೆದು ಡಬ್ಬಿಯ ಬಾಗಿಲಿಗೆ ಕಟ್ಟಿಸಿದರು. ಆ ಡಬ್ಬಿ ಮೇಲೆ ಹೋಗಿ, ಮಂದಾಳನ್ನೂ ಅವಳ ಅತ್ತೆಯನ್ನೂ ಈರಣ್ಣನನ್ನೂ ಕೂರಿಸಿಕೊಂಡು ಹೊರಟಿತು. ತಿರುವಿನ ಕಂಬದ ಹತ್ತಿರ ನಾನು ಹೇಳಿದಲ್ಲೇ ನಿಧಾನಿಸಿತು. ಒಂದು ಚೂರೂ ಕುಲುಕಲಿಲ್ಲ. ಅಷ್ಟು ಸೊಗಸಾಗಿ ಇಳಿದು ಬರುವ ನನ್ನ ಕೆಲಸವನ್ನು ನೋಡುತ್ತ ನಾನು ಹೆಮ್ಮೆಯಿಂದ ಬೀಗಿದೆ, ಅದರಲ್ಲಿ ಮುಚ್ಚುಮರೆ ಏನು. ಬಾಗಿಲು ತೆರೆದಾಗ ಮಂದಾ ಊದಿದ ಕಾಲುಗಳನ್ನು ನೋಡಿಕೊಂಡು, "ಅವ್ವಾ, ಚಪ್ಪಲ್ ಬರವಲ್ವು, ಬರಿಗಾಲಾಗ ಬಂದೀನಿ" ಎಂದಳು.

ಡಾಕ್ಟರು ಶನಿವಾರಕ್ಕೆ ಆಪರೇಷನ್ ಇಟ್ಟರು. ಶುಕ್ರವಾರ 'ನಡದೈತಿ' ಅಂದು ಮುಗಿಸಿ ಮರುದಿನ ನಿಶ್ಚಿಂತೆಯಿಂದ ಮಾಡುವುದು ನಮ್ಮ ಆಸ್ಪತ್ರೆಯ ಪದ್ಧತಿ. ಆದರೆ ಶುಕ್ರವಾರ ಮಧ್ಯಾಹ್ನದ ಊಟ ಆಗುತ್ತಿದ್ದಂತೆ ಮಂದಾಗೆ ನೋವು ಬಂತು. ನೀರು ಒಡೆಯಿತು. ಸುಲೋಚನಾ ಡಾಕ್ಟರು ಗಡಿಯಾರ ನೋಡಿ, "ಕಾಯಾಕ ಬರೂದಿಲ್ಲ, ಈಗ ಒಯ್ಯಬೇಕು" ಎಂದರು.

"ಸೂಜಿ ಚುಚ್ಚಿದ ಮ್ಯಾಲೆ ಒದಿಯೂದು ಗೊತ್ತಾಗತೈತೇನ್ರಿ?" ಎಂದು ಮಂದಾ ಕೇಳಿದಳು.

"ಇಲ್ಲವ್ವಾ. ಸೊಂಟದ ಕೆಳಗ ಏನೂ ಗೊತ್ತಾಗೂದಿಲ್ಲ. ಎಚ್ಚರ ಮಾತ್ರ ಇರತೈತಿ."

ಮಂದಾ ನನ್ನ ಮುಖ ನೋಡಿದಳು. ನಾನು ಅವಳ ಕಿವಿಯ ಹತ್ತಿರ ಬಗ್ಗಿ, "ಮಂದಾ, ಏನೂ ನೋಡಬ್ಯಾಡ, ಕೇಳಿದ ಕೂಡ್ಲೆ ಹೇಳಿಬಿಡು," ಎಂದೆ. ಹೌದು, ನಾನೇ ಅಂದೆ. ಹೆತ್ತ ಹೊಟ್ಟೆ, ಏನು ಮಾಡಲಿ.

"ಒಲ್ಲೆ ಅವ್ವಾ. ಸುಳ್ಳ ಹೇಳಿ ಉಳಿಸ್ಕೊಂಡಿದ್ದು ಹಂಗ ನಿಂತುಬಿಡತೈತಿ. ಮುಂದ ಹೋಗೂದಿಲ್ಲ, ಹಿಂದೂ ಹೋಗೂದಿಲ್ಲ. ನಿನ್ನ ಆಫೀಸದಾಗ ಆತಲ್ಲ?" ಎಂದಳು. ನರ್ಸುಗಳು ಅವಳನ್ನು ತಳ್ಳಿಕೊಂಡು ಒಳಗೆ ಹೋದರು.

ನಾನು, ಈರಣ್ಣ, ಮೋದೀನಸಾಬರು ಆಪರೇಷನ್ ಕೋಣೆಯ ಬಾಗಿಲ ಮುಂದೆ ನಿಂತೆವು. ಈರಣ್ಣ ನನ್ನ ಕೋಲನ್ನು ಗಟ್ಟಿಯಾಗಿ ಹಿಡಿದಿದ್ದ, ನಾನು ಅವನ ತೋಳನ್ನು ಹಿಡಿದಿದ್ದೆ. ಮೂರು ಹೊಡೆಯಿತು. ಆಸ್ಪತ್ರೆಯ ಕಿಟಕಿಗಳು ಒಂದೊಂದಾಗಿ ಗಡಗಡಿಸುತ್ತ ಬಂದವು. ಗಾಳಿ ನಮ್ಮನ್ನು ಸವರಿಕೊಂಡು ಬಾಗಿಲ ಸಂದಿಯಿಂದ ಒಳಗೆ ಹೋಯಿತು.

"ಮುಗೀತೇನು?"

"ಆಪರೇಷನ್ ನಡದೈತಿ," ಎಂದರು ಡಾಕ್ಟರು, ತಮ್ಮ ಕೆಲಸಕ್ಕೆ ತಾವು.

ಗಾಳಿ ನಿಂತೇ ಇತ್ತು. ಅದು ಮಂದಾಳಿಗಾಗಿ ಕಾಯುತ್ತಿತ್ತು. ಅವಳು ಇನ್ನು ತನಗೆ ತಿಳಿಯದ ಒದೆತಕ್ಕಾಗಿ ಕಾಯುತ್ತಾ ಮಲಗಿದ್ದಳು. ಒಳಗೆ ಸ್ಟೀಲಿನ ಸಾಮಾನುಗಳ ಸಣ್ಣ ಸದ್ದು. ನನ್ನ ಮಗಳು ಬಾಯಿ ಬಿಡುವುದಿಲ್ಲ ಎಂಬುದು ನನಗೆ ಗೊತ್ತಿತ್ತು, ಅವಳ ಹಟ ನನ್ನದೇ. ಹೇಳೇ, ಹೇಳಿಬಿಡೇ ಎಂದು ನನ್ನ ಗಂಟಲೊಳಗೇ ಅಂದುಕೊಳ್ಳುತ್ತಿದ್ದೆ.

ಆಗ ಒಳಗಿನಿಂದ ಒಂದು ಅಳು ಎದ್ದಿತು. ಸಣ್ಣದಲ್ಲ. ಓಣಿಗೇ ಕೇಳುವಂಥ, ಸಿಟ್ಟಿನ, ತುಂಬಿದ ಗಂಟಲಿನ ಅಳು.

ಗಾಳಿ ಹಿಂದೆ ಸರಿಯಿತು. ಬಾಗಿಲ ಸಂದಿಯಿಂದ ಹೊರಬಂದು, ನನ್ನ ಸೆರಗನ್ನು ಒಮ್ಮೆ ಎತ್ತಿ ಬಿಟ್ಟು, ಮುಂದಿನ ಓಣಿಗೆ ಹೋಯಿತು.

"ಅಂಬಕ್ಕಾರ, ಯಾರ ಹೇಳಿದ್ರು? ಮಂದಾ ಹೇಳಿದಳೇನು?" ಎಂದು ಸಾಬರು ಗಾಬರಿಯಿಂದ ಕೇಳಿದರು.

"ಇಲ್ರಿ ಸಾಬರ," ಎಂದೆ. ನನಗೆ ಅಳುವೂ ನಗುವೂ ಒಟ್ಟಿಗೇ ಬರುತ್ತಿತ್ತು. "ಕೂಸು ತನ್ನದು ತಾನ ಹೇಳ್ತು."